ಹಾಸ್ಟೆಲ್ ರೂಮು ಬದಲಿಸುವ ಮುಂಚೆ ಹುಡುಗರನ್ನು ಕೇಳಿ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಯೊಬ್ಬ ಜೀವ ಕಳೆದುಕೊಂಡ ಸುದ್ದಿಯ ಜೊತೆಗೇ ಒಂದು ಕಾರಣವೂ ಅಚ್ಚಾಗುತ್ತದೆ. ಫೇಲಾಗಿದ್ದ, ಪ್ರೀತಿಸಿದವಳು ದೂರವಾಗಿದ್ದಳು, ಹೀಗೆ. ಹದಿನಾಲ್ಕು ವರ್ಷದಿಂದ ಹಾಸ್ಟೆಲ್ ವಾರ್ಡನ್ ಆಗಿರುವ ನನಗೆ ಆ ಸಾಲು ಓದಿದರೆ ಸಂಕಟವಾಗುತ್ತದೆ. ಫೇಲಾದ ಹುಡುಗರನ್ನು ನಾನು ಪ್ರತಿ ಸೆಮಿಸ್ಟರ್ ನೋಡುತ್ತೇನೆ. ಹೆಚ್ಚಿನವರು ಗೆಳೆಯನ ರೂಮಿನಲ್ಲಿ ಕೂತು ಅತ್ತು, ಮತ್ತೆ ಓದಲು ಶುರು ಮಾಡುತ್ತಾರೆ. ಹೋಗಿ ಅಳಲು ಯಾವ ರೂಮೂ ಇಲ್ಲದವನ ಕತೆ ಬೇರೆ, ಅಲ್ವಾ?

ಎರಡು ವರ್ಷದ ಹಿಂದೆ ಅಂಥ ಒಬ್ಬ ಹುಡುಗನಿದ್ದ. ಎರಡನೇ ವರ್ಷ, ಒಳ್ಳೆಯ ಮಾರ್ಕ್ಸು, ಎದುರು ಸಿಕ್ಕರೆ ನಗು. ನನಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಅವನ ಹಿಂದಿನ ವರ್ಷದ ರೂಮ್‌ಮೇಟ್‌ಗೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದ. "ಸರ್, ಅವನು ಗಿಟಾರ್ ನನಗೇ ಕೊಟ್ಟುಬಿಟ್ಟ. ನಾನಿಲ್ದಿದ್ರೆ ಮನೆಯವ್ರಿಗೆ ಭಾರ ಕಡಿಮೆ ಅಂತಾನೆ" ಅಂದ. ನಾನು ಹೋಗಿ ನೇರವಾಗಿ ಕೇಳಿದೆ. "ಸಾಯಬೇಕು ಅನ್ನಿಸ್ತಿದೆಯೇನಪ್ಪಾ?" ತುಂಬ ಹೊತ್ತು ಸುಮ್ಮನಿದ್ದು, ಹೌದು ಅಂದ. ಆ ರಾತ್ರಿ ನಾವಿಬ್ಬರೂ ಅವನ ಜೊತೆಗೇ ಇದ್ದೆವು. ಬೆಳಿಗ್ಗೆ ಮನೋವೈದ್ಯರ ಹತ್ತಿರ ಕರೆದೊಯ್ದೆವು, ಮನೆಯವರನ್ನೂ ಕರೆಸಿದೆವು. ಈಗ ಅವನು ಕೊನೆಯ ವರ್ಷದಲ್ಲಿ ಓದುತ್ತಿದ್ದಾನೆ.

ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂದು ಹೆದರುವವರೇ ಜಾಸ್ತಿ. ನಾನೂ ಹೆದರಿದ್ದೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಆಮೇಲೆ ಓದುತ್ತಾ ಹೋದಾಗ ಥಾಮಸ್ ಜಾಯ್ನರ್ ಎಂಬ ಮನಶ್ಶಾಸ್ತ್ರಜ್ಞ 2005ರಲ್ಲಿ ಮುಂದಿಟ್ಟ ಮಾತು ಸಿಕ್ಕಿತು. ನಾನು ಯಾರಿಗೂ ಬೇಕಾದವನಲ್ಲ, ನಾನು ಎಲ್ಲರಿಗೂ ಹೊರೆ: ಈ ಎರಡು ಭಾವನೆ ಒಟ್ಟಾದಾಗ ಸಾಯುವ ಆಸೆ ಹುಟ್ಟುತ್ತದೆ ಎನ್ನುತ್ತಾರೆ ಅವರು. ಗಿಟಾರ್ ಕೊಟ್ಟ ಹುಡುಗ ಹೇಳಿದ್ದೂ ಅದನ್ನೇ. ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು, ಖಿನ್ನತೆಗೋ ಸಾಯುವ ಯೋಚನೆಗೋ ಆಸ್ಪತ್ರೆ ಸೇರಿ, ಅಲ್ಲಿಂದ ಹೋದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರಲ್ಲಿ ಒಂದು ಗುಂಪಿಗೆ ಐದು ವರ್ಷ ಚಿಕ್ಕ ಚಿಕ್ಕ ಕಾಗದ ಕಳಿಸುತ್ತಿದ್ದರು. ಹೇಗಿದ್ದೀರಿ ಎಂಬಷ್ಟೇ ಕಾಗದ. ಮೊದಲ ಎರಡು ವರ್ಷ, ಕಾಗದ ಹೋಗದವರಿಗಿಂತ ಆ ಗುಂಪಿನಲ್ಲಿ ಆತ್ಮಹತ್ಯೆ ಕಡಿಮೆಯಿತ್ತು.

ಆ ಇಬ್ಬರು ಹುಡುಗರನ್ನು ಬೇರೆ ಬೇರೆ ರೂಮಿಗೆ ಹಾಕಿದ್ದು ನಾನೇ. ಗುಂಪುಗಾರಿಕೆ ಬೇಡವೆಂದು ಪ್ರತಿವರ್ಷ ರೂಮು ಬದಲಿಸುವುದು ನಮ್ಮ ಪದ್ಧತಿ. ಪಟ್ಟಿಗೆ ಸಹಿ ಹಾಕುವಾಗ ಯಾರನ್ನೂ ಕೇಳಿರಲಿಲ್ಲ. ಆ ಸಹಿ ನೆನಪಾದರೆ ಈಗಲೂ ನಿದ್ದೆ ಬರುವುದಿಲ್ಲ. ಹೊಸ ರೂಮಿನಲ್ಲಿ ಅವನ ಜೊತೆ ಮಾತಾಡುವವರೇ ಇರಲಿಲ್ಲವಂತೆ. (ಆಡಿಕೊಳ್ಳುವವರ ಜೊತೆ ಸಿಕ್ಕಿಕೊಂಡವನಿಗೆ ಮಾತ್ರ ಅವತ್ತೇ ರೂಮು ಬದಲಿಸಿಕೊಡಬೇಕು.)

ಈ ವರ್ಷದಿಂದ ಯಾರ ಜೊತೆ ಇರುತ್ತೀಯ ಎಂದು ಕೇಳಿಯೇ ಪಟ್ಟಿ ಮಾಡುತ್ತಿದ್ದೇನೆ. ಗೆಳೆಯ ಸಾಯುವ ಮಾತಾಡಿದರೆ ಆ ಗುಟ್ಟನ್ನು ಅವನ ಆಣೆ ಮುರಿದಾದರೂ ನನಗೆ ಹೇಳಿ ಎಂದು ಮೊದಲ ದಿನವೇ ಹೇಳುತ್ತೇನೆ. ಬೇರೆ ಹಾಸ್ಟೆಲಿನವರೂ ಹೀಗೆ ಮಾಡಲಿ. ನಿಮ್ಮಲ್ಲೂ ಒಂದು ಕೋರಿಕೆ. ಮುಂದೆ ಇಂಥ ಸುದ್ದಿ ಹಾಕುವಾಗ ಆ ಒಂದೇ ಕಾರಣದ ಜಾಗದಲ್ಲಿ ಸಹಾಯವಾಣಿಯ ನಂಬರನ್ನು ದೊಡ್ಡ ಅಕ್ಷರದಲ್ಲಿ ಹಾಕಿ.

ಇಂತಿ,
ಒಬ್ಬ ಹಾಸ್ಟೆಲ್ ವಾರ್ಡನ್