ವೆನಿಸ್‌ಗೆ ಚಳಿಗಾಲದಲ್ಲೇ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ವೆನಿಸ್ ಪ್ರವಾಸದ ಲೇಖನ ಓದಿದೆ. ಹೋಗಲು ಮೇಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಚಳಿಗಾಲದಲ್ಲಿ ಊರು ನೀರಲ್ಲಿ ಮುಳುಗಿರುತ್ತದೆ, ನೋಡಲು ಅರ್ಧ ದಿನ ಸಾಕು ಅಂತ ಅದರಲ್ಲಿತ್ತು. ಮೂರೂ ಮಾತಿಗೆ ನನ್ನ ತಕರಾರಿದೆ. ನಾನು ಕೆಲಸದ ಮೇಲೆ ಪಡುವಾದಲ್ಲಿ ಇರುವವನು, ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಹೆಚ್ಚುಕಮ್ಮಿ ಅರ್ಧ ಗಂಟೆ. ಹಾಗಾಗಿ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಯಾರೇ ಇಟಲಿಗೆ ಹೊರಟರೂ ರೂಮಿನಿಂದ ಹಿಡಿದು ಬೂಟಿನವರೆಗೆ ಎಲ್ಲ ಪ್ರಶ್ನೆಯೂ ನನಗೇ ಬರುತ್ತದೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೀರಿನ ವಿಷಯ ಮುಗಿಸಿಬಿಡೋಣ, ಎಲ್ಲರಿಗೂ ಹೆದರಿಕೆ ಅದೇ. ಹುಣ್ಣಿಮೆ, ಅಮಾವಾಸ್ಯೆಯ ಭರತದ ಹೊತ್ತಿಗೆ ದಕ್ಷಿಣದಿಂದ ಸಿರೊಕೊ ಗಾಳಿ ಬೀಸಿ, ಮೇಲಿಂದ ವಾಯುಭಾರವೂ ಕುಸಿದರೆ, ಏಡ್ರಿಯಾಟಿಕ್ ಸಮುದ್ರದ ನೀರು ವೆನಿಸ್ ಕಡೆಗೆ ಒತ್ತಿಕೊಂಡು ಬರುತ್ತದೆ. ಇದಕ್ಕೆ ಅಲ್ಲಿಯವರು ಆಕ್ವಾ ಆಲ್ತಾ ಅನ್ನುತ್ತಾರೆ. ಜಾಸ್ತಿ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. 2019ರ ನವೆಂಬರ್ 12ರ ರಾತ್ರಿ 187 ಸೆಂ.ಮೀ. ಮುಟ್ಟಿದ್ದು ನಿಮಗೂ ನೆನಪಿರಬಹುದು, ಟಿ.ವಿ.ಯಲ್ಲೆಲ್ಲ ಬಂತು. ಅದಕ್ಕಿಂತ ಮೇಲೆ ಏರಿದ್ದು 1966ರ ನವೆಂಬರ್ 4ರಂದು ಮಾತ್ರ, 194 ಸೆಂ.ಮೀ. ಆದರೆ ಈ ಲೆಕ್ಕ ಕೇಳಿದವರು ಬೀದಿಯಲ್ಲಿ ಆಳೆತ್ತರ ನೀರು ನಿಂತಿತ್ತು ಅಂದುಕೊಳ್ಳುತ್ತಾರೆ. ಅಳತೆ ಶುರುವಾಗುವುದು 1897ರಲ್ಲಿ ಗೊತ್ತುಮಾಡಿದ ಸಮುದ್ರ ಮಟ್ಟದಿಂದ. ಊರಿನಲ್ಲೇ ತೀರಾ ತಗ್ಗಾದ ಸಾನ್ ಮಾರ್ಕೊ ಚೌಕವೇ ಅದಕ್ಕಿಂತ ಸುಮಾರು 80 ಸೆಂ.ಮೀ. ಮೇಲಿದೆ. ಉಳಿದ ಓಣಿಗಳು ಇನ್ನೂ ಎತ್ತರ.

ಮೇಲಾಗಿ 2020ರ ಅಕ್ಟೋಬರ್ 3ರಿಂದ ಮೊಸೆ ಅನ್ನುವ ತಡೆಗೋಡೆ ಕೆಲಸ ಮಾಡುತ್ತಿದೆ. ಊರಿನ ಸುತ್ತಲಿನ ಹಿನ್ನೀರಿಗೆ ಸಮುದ್ರ ಸೇರುವ ಮೂರು ಬಾಯಿಗಳಲ್ಲಿ ಒಟ್ಟು 78 ಹಳದಿ ಗೇಟುಗಳು, ಸುಮ್ನೆ ನೀರು ತುಂಬಿಕೊಂಡು ತಳದಲ್ಲಿ ಮಲಗಿರುತ್ತವೆ. ಬೇಕಾದಾಗ ಒಳಗೆ ಗಾಳಿ ಒತ್ತುತ್ತಾರೆ, ನೀರು ಹೊರಗೆ ಹೋಗುತ್ತದೆ, ಗೇಟು ಏಳುತ್ತದೆ. ನೀರು 110 ಸೆಂ.ಮೀ. ದಾಟುವ ಸೂಚನೆ ಇದ್ದಾಗ ಏಳಿಸುವುದು ರೂಢಿ. ಇಲ್ಲೊಂದು ಸಂಗತಿ ಇದೆ, ಗಮನಿಸಿ. ನೀರು 95, 100 ಬರುವ ದಿನ ಗೇಟು ಏಳುವುದಿಲ್ಲ, ಆದರೆ ಸಾನ್ ಮಾರ್ಕೊ ಚೌಕದಲ್ಲಿ ಪಾದ ಒದ್ದೆಯಾಗುತ್ತದೆ. ಚೌಕದ ಕಲ್ಲುಹಾಸಿನ ಸಂದಿಗಳಿಂದ, ಚರಂಡಿಯ ತೂತುಗಳಿಂದ ನೀರು ಗುಳುಗುಳು ಅಂತ ಕೆಳಗಿನಿಂದ ಮೇಲೆ ಬರುವುದನ್ನು ನೋಡಬೇಕು ನೀವು. ದಂಡೆ ಉಕ್ಕಿ ಬರುತ್ತದೆ ಅಂತ ಕಾಯುತ್ತಾ ನಿಂತವರ ಬೆನ್ನ ಹಿಂದೆಯೇ ಕೆರೆ ತಯಾರಾಗಿರುತ್ತದೆ. ಪಕ್ಕದ ಬಸಿಲಿಕಾ ಅನ್ನುವ ದೊಡ್ಡ ಚರ್ಚಿಗೆ ಮಾತ್ರ 2022ರಲ್ಲಿ ಸುತ್ತ ಗಾಜಿನ ತಡೆ ಕಟ್ಟಿದ್ದಾರೆ, ಒಳಗೆ ಒಣಗಿಯೇ ಇರುತ್ತದೆ. ಕೆಲವು ಗಂಟೆ ಕಳೆದರೆ ಇಳಿತ ಶುರುವಾಗಿ ಎಲ್ಲ ಬಸಿದುಹೋಗುತ್ತದೆ. ಅಷ್ಟು ಹೊತ್ತು ಬೇರೆ ಕಡೆ ಸುತ್ತಿ ಬನ್ನಿ. ನಗರಸಭೆಯ ಭರತ ಕೇಂದ್ರ ಮುಂದಿನ ಕೆಲವು ದಿನಗಳ ನೀರಿನ ಮಟ್ಟವನ್ನು ಗಂಟೆ ಸಮೇತ ಇಂಟರ್ನೆಟ್ಟಿನಲ್ಲಿ ಹಾಕುತ್ತದೆ, ಬೆಳಿಗ್ಗೆ ಎದ್ದು ಅದನ್ನೊಮ್ಮೆ ನೋಡಿದರೆ ಆಯಿತು. ಊರಿಂದ ಗಂಬೂಟ್ ಹೊತ್ತು ತರಬೇಡಿ, ನೀರು ಬಂದ ದಿನ ಅಲ್ಲೇ ಶೂ ಮೇಲೆ ಹಾಕುವ ಪ್ಲಾಸ್ಟಿಕ್ ಬೂಟು ಮಾರುತ್ತಾರೆ.

ತಮಾಷೆ ಅಂದರೆ ಜನವರಿ, ಫೆಬ್ರವರಿಯಲ್ಲಿ ಎಷ್ಟೋ ಸಲ ಉಲ್ಟಾ ಕತೆ. ವಾಯುಭಾರ ಜಾಸ್ತಿಯಾಗಿ ನೀರು ತೀರಾ ಇಳಿಯುತ್ತದೆ, ಸಣ್ಣ ಕಾಲುವೆಗಳಲ್ಲಿ ಗೊಂಡೋಲಾ ಅನ್ನುವ ಉದ್ದನೆಯ ದೋಣಿಗಳು ಕೆಸರಿನ ಮೇಲೆ ಕೂತಿರುತ್ತವೆ. 2023ರ ಫೆಬ್ರವರಿಯಲ್ಲಿ ಇದೇ ಫೋಟೊ ಜಗತ್ತೆಲ್ಲ ಸುತ್ತಿತ್ತು.

ಯಾವಾಗ ಹೋಗಬೇಕು? ನನ್ನ ಉತ್ತರ ಒಂದೇ: ಜನವರಿ 6 ಕಳೆದ ಮೇಲೆ, ಕಾರ್ನಿವಲ್ ಅನ್ನುವ ಮುಖವಾಡದ ಹಬ್ಬ ಶುರುವಾಗುವ ಮುಂಚೆ. ಕ್ರಿಸ್‌ಮಸ್, ಹೊಸ ವರ್ಷದ ವಾರ ರೂಮಿನ ಬೆಲೆ ಕೇಳಲೇಬೇಡಿ. ಜನವರಿ 6ರಂದು ಗ್ರ್ಯಾಂಡ್ ಕಾಲುವೆಯಲ್ಲಿ ಗಂಡಸರು, ಮಕ್ಕಳ ಕಾಲುಚೀಲದಲ್ಲಿ ಉಡುಗೊರೆ ಇಡುತ್ತಾಳೆ ಅನ್ನುವ ಕತೆಯ ಬೆಫಾನಾ ಅಜ್ಜಿಯ ವೇಷ ಹಾಕಿ, ಸ್ಕರ್ಟು ತೊಟ್ಟು ದೋಣಿ ಓಡಿಸುವ ಸ್ಪರ್ಧೆ ಇರುತ್ತದೆ, ರಿಯಾಲ್ತೊ ಸೇತುವೆಗೆ ದೊಡ್ಡದೊಂದು ಕಾಲುಚೀಲ ನೇತುಹಾಕಿರುತ್ತಾರೆ. ಅದು ಬೇಕಾದರೆ ನೋಡಿಕೊಂಡೇ ಶುರುಮಾಡಿ. ಕಾರ್ನಿವಲ್ ಮುಗಿಯುವ ದಿನ ಈಸ್ಟರ್ ಲೆಕ್ಕದ ಮೇಲೆ ವರ್ಷವರ್ಷ ಬದಲಾಗುತ್ತದೆ. 2027ರಲ್ಲಿ ಫೆಬ್ರವರಿ 9ಕ್ಕೆ ಮುಗಿದರೆ, 2028ರಲ್ಲಿ ಫೆಬ್ರವರಿ 29ಕ್ಕೆ. ಮುಗಿಯುವ ಮುಂಚಿನ ಎರಡು, ಎರಡೂವರೆ ವಾರ ಊರು ತುಂಬಿರುತ್ತದೆ. ಮುಖವಾಡ ಹಾಕಿದವರಿಗಿಂತ ಅವರ ಫೋಟೊ ತೆಗೆಯುವವರೇ ಜಾಸ್ತಿ. ಶತಮಾನಗಳ ಸಂಪ್ರದಾಯ ಅಂತ ಎಲ್ಲರೂ ಹೇಳುತ್ತಾರೆ, ಆದರೆ 1797ರಲ್ಲಿ ವೆನಿಸ್ ಗಣರಾಜ್ಯ ಬಿದ್ದಮೇಲೆ ನಿಂತುಹೋದ ಹಬ್ಬ ಅದು. ಈಗ ನಾವು ನೋಡುವುದು 1979ರಲ್ಲಿ ಮತ್ತೆ ಶುರುಮಾಡಿದ್ದು. ನನಗಂತೂ ಇಷ್ಟವಿಲ್ಲ, ಇಷ್ಟಪಡುವವರು ಹೋಗಲಿ.

ಒಂದು ದಿನಕ್ಕೆ ಬಂದು ಹೋಗುವವರಿಂದ 2024ರಿಂದ ಪ್ರವೇಶ ಶುಲ್ಕ ವಸೂಲಿ ಮಾಡುತ್ತಿದ್ದಾರಲ್ಲ, ಅದನ್ನು ಇಟ್ಟಿರುವುದು ಏಪ್ರಿಲ್‌ನಿಂದ ಜುಲೈ ಒಳಗಿನ ಕೆಲವು ದಿನಗಳಿಗೆ. ಜನವರಿಯವರಿಗೆ ಆ ತಲೆನೋವಿಲ್ಲ.

ಇನ್ನು ಆ ಅರ್ಧ ದಿನದ ಮಾತು. ನನ್ನ ಅತ್ತೆ, ಮಾವ ಗುಂಪು ಪ್ರವಾಸದಲ್ಲಿ ಬಂದಿದ್ದರು. 'ವೆನಿಸ್‌ನಲ್ಲಿ ವಾಸ್ತವ್ಯ' ಅಂತ ಕಾಗದದಲ್ಲಿ ಬರೆದುಕೊಟ್ಟಿದ್ದ ಟ್ರಾವೆಲ್ಸ್‌ನವರು ಅವರನ್ನು ಇಳಿಸಿದ್ದು ಮೆಸ್ತ್ರೆಯ ಆಚೆ, ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ. ಮಾರನೇ ದಿನ ಹನ್ನೊಂದಕ್ಕೆ ಕರೆದುಕೊಂಡು ಹೋಗಿ, ಚೌಕದಲ್ಲಿ ಬಾವುಟ ಹಿಡಿದು ಸುತ್ತಾಡಿಸಿ, ಮೂರೂವರೆಗೆ ವಾಪಸ್ ಬೋಟ್ ಹತ್ತಿಸಿದರು. ಕಾಗದದ ಮೇಲೆ ಅದು ಸುಳ್ಳೂ ಅಲ್ಲ, ಯಾಕೆಂದರೆ ದಡದ ಮೇಲಿನ ಮೆಸ್ತ್ರೆಯೂ ವೆನಿಸ್ ನಗರಸಭೆಗೇ ಸೇರಿದ್ದು. ರೈಲು ಟಿಕೆಟ್ಟಿನಲ್ಲೂ ಹೀಗೇ: ವೆನೆತ್ಸಿಯಾ ಮೆಸ್ತ್ರೆ ಅಂದರೆ ದಡ, ವೆನೆತ್ಸಿಯಾ ಸಾಂತಾ ಲುಚಿಯಾ ಅಂದರೆ ದ್ವೀಪ. ಎರಡರ ನಡುವೆ ರೈಲಿನಲ್ಲಿ ಹತ್ತು ನಿಮಿಷ ಅಷ್ಟೇ, ಆದರೆ ಇಡೀ ಪ್ರವಾಸದ ರುಚಿ ಬದಲಾಗುವುದು ಅಲ್ಲೇ. ಚಳಿಗಾಲದಲ್ಲಿ ದ್ವೀಪದ ಒಳಗಿನ ರೂಮುಗಳೇ ಕೈಗೆಟುಕುತ್ತವೆ, ಬೇಸಿಗೆಯಲ್ಲಿ ಆ ದುಡ್ಡಿಗೆ ಕಿಟಕಿಯೂ ಸಿಗುವುದಿಲ್ಲ. ಕನ್ನರೇಜೊ, ಕಸ್ತೆಲ್ಲೊ ಕಡೆ ಹುಡುಕಿ. ಬುಕ್ ಮಾಡುವ ಮುಂಚೆ ಬೋಟ್ ಸ್ಟಾಪಿನಿಂದ ಎಷ್ಟು ಸೇತುವೆ ದಾಟಬೇಕು ಅಂತ ನಕ್ಷೆಯಲ್ಲಿ ಎಣಿಸಿ. ಊರಲ್ಲಿ ನಾನೂರಕ್ಕೂ ಜಾಸ್ತಿ ಸೇತುವೆ ಇವೆ, ಹೆಚ್ಚಿನವಕ್ಕೆ ಮೆಟ್ಟಿಲು, ಸೂಟ್‌ಕೇಸಿನ ಚಕ್ರ ಅಲ್ಲಿ ದಂಡ.

ಡಿಸೆಂಬರ್ ಕೊನೆಗೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಗುಂಪಿನ ಬೋಟುಗಳು ಹೊರಟ ಮೇಲೆ ಊರು ಅಲ್ಲಿಯವರದ್ದಾಗುತ್ತದೆ. ಹಳೆ ವೆನಿಸ್‌ನಲ್ಲಿ ಈಗ ಉಳಿದಿರುವ ನಿವಾಸಿಗಳು 50 ಸಾವಿರಕ್ಕಿಂತ ಕಮ್ಮಿ, ಅವರನ್ನು ನೋಡಬೇಕಾದರೆ ಇದೇ ಹೊತ್ತು. ಚಕ್ರದ ಚೀಲದಲ್ಲಿ ದಿನಸಿ ಎಳೆದುಕೊಂಡು ಸೇತುವೆ ಹತ್ತುವ ಅಜ್ಜಿ, ಚರ್ಚಿನ ಗೋಡೆಗೆ ಚೆಂಡು ಒದೆಯುವ ಮಕ್ಕಳು. ಮಂಜು ಇಳಿದ ದಿನ ಎದುರಿನ ದಡ ಕಾಣುವುದಿಲ್ಲ, ಬೋಟಿನ ಹಾರ್ನು ಮಾತ್ರ ಕೇಳುತ್ತದೆ. ಆಗ 1ನೇ ನಂಬರಿನ ಬೋಟ್ ಹತ್ತಿ ಗ್ರ್ಯಾಂಡ್ ಕಾಲುವೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ. ಗಾಡಿ ನಿಧಾನ, ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತದೆ, ಅದೇ ಬೇಕಾಗಿರುವುದು.

ಬೋಟಿನ ಒಂಟಿ ಟಿಕೆಟ್ 9.50 ಯೂರೊ, 75 ನಿಮಿಷ ನಡೆಯುತ್ತದೆ. 72 ಗಂಟೆಯ ಪಾಸ್ 45 ಯೂರೊ. ಮೂರು ದಿನ ಇದ್ದು ಮುರಾನೊ, ಬುರಾನೊ ದ್ವೀಪಗಳಿಗೂ ಹೋಗುವವರಿಗೆ ಪಾಸ್ ಲಾಭ. ಗೊಂಡೋಲಾಗೆ ಹಗಲಲ್ಲಿ ಅರ್ಧ ಗಂಟೆಗೆ ನಗರಸಭೆಯ ದರವೇ 90 ಯೂರೊ, ಅದು ಇಡೀ ದೋಣಿಗೆ, ತಲೆಗಲ್ಲ. ಬರೀ ಒಮ್ಮೆ ಹತ್ತಿದೆ ಅನ್ನಿಸಿಕೊಳ್ಳಬೇಕಾದರೆ ಸಾಂತಾ ಸೊಫಿಯಾದಿಂದ ರಿಯಾಲ್ತೊ ಮೀನು ಮಾರ್ಕೆಟ್ಟಿಗೆ ಕಾಲುವೆ ದಾಟಿಸುವ ಟ್ರಗೆತ್ತೊ ಇದೆ, 2 ಯೂರೊ. ಅದೂ ಗೊಂಡೋಲಾನೇ ಅಲ್ವಾ!

ನೋಡುವುದಕ್ಕೆ ಏನಿದೆ ಅಂತ ಪಟ್ಟಿ ಕೊಡುವುದಿಲ್ಲ, ಅದು ನಿಮ್ಮ ಲೇಖನದಲ್ಲೇ ಇತ್ತು. ಎರಡು ಮಾತ್ರ ಬಿಟ್ಟುಹೋಗಿವೆ. ಒಂದು ಸ್ಕುವೊಲಾ ಗ್ರಾಂದೆ ದಿ ಸಾನ್ ರೊಕ್ಕೊ, ಹಳೇ ಧಾರ್ಮಿಕ ಸಂಘವೊಂದರ ಭವನ. ತಿಂತೊರೆತ್ತೊ 1564ರಿಂದ ಇಪ್ಪತ್ತಕ್ಕೂ ಜಾಸ್ತಿ ವರ್ಷ ಅದರ ಗೋಡೆ, ಚಾವಣಿಗಳ ಚಿತ್ರ ಮಾಡಿದ. ಚಾವಣಿ ನೋಡಿ ಕತ್ತು ನೋಯಬಾರದು ಅಂತ ಕೈಗೆ ಕನ್ನಡಿ ಕೊಡುತ್ತಾರೆ. ಅದನ್ನು ಹೊಟ್ಟೆಯ ಹತ್ತಿರ ಚಪ್ಪಟೆಯಾಗಿ ಹಿಡಿದು, ತಲೆ ತಗ್ಗಿಸಿ ನಡೆದರೆ ಮೇಲಿನ ದೇವದೂತರೆಲ್ಲ ನಿಮ್ಮ ಅಂಗೈಯಲ್ಲಿ ಓಡಾಡುತ್ತಾರೆ. ಇನ್ನೊಂದು ಸಾನ್ ಮಾರ್ಕೊ ಹಿಂದಿರುವ ಸಾನ್ ಝಕರಿಯಾ ಚರ್ಚ್. ಅಲ್ಲಿ 1505ರ ಬೆಲ್ಲಿನಿಯ ಚಿತ್ರವಿದೆ, ನೆಲಮಾಳಿಗೆಯಲ್ಲಿ ಹಳೇ ಡೋಜ್‌ಗಳ, ಅಂದರೆ ಗಣರಾಜ್ಯದ ಮುಖ್ಯಸ್ಥರ, ಸಮಾಧಿ ಇವೆ. ಆ ನೆಲಮಾಳಿಗೆಯಲ್ಲಿ ಸಾಮಾನ್ಯವಾಗಿ ನೀರು ನಿಂತೇ ಇರುತ್ತದೆ, ಕಂಬಗಳು ಅದರಲ್ಲಿ ತಲೆಕೆಳಗಾಗಿ ಕಾಣುತ್ತವೆ. ವೆನಿಸ್ ಮುಳುಗುವುದು ಅಂದರೇನು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ.

ಚಳಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಜನವರಿಯಲ್ಲಿ ಸಾಮಾನ್ಯವಾಗಿ ರಾತ್ರಿ 0 ಡಿಗ್ರಿ ಆಸುಪಾಸು, ಹಗಲು 6, 7. ಹಿಮ ಬೀಳುವುದು ಅಪರೂಪ, ಆದರೆ ತೇವದ ಚಳಿ, ಮೂಳೆಗೆ ಇಳಿಯುತ್ತದೆ. ದೊಡ್ಡ ಜಾಕೆಟ್ ಒಂದಕ್ಕಿಂತ ಒಳಗೊಂದು ಉಣ್ಣೆ ಬನಿಯನ್, ದಪ್ಪ ಅಡಿಯ ಶೂ ಮುಖ್ಯ. ಕಲ್ಲಿನ ಚರ್ಚುಗಳ ಒಳಗೆ ಹೊರಗಿಗಿಂತ ಚಳಿ.

ಊಟಕ್ಕೆ ಬಾಕರೊ ಅನ್ನುವ ಸಣ್ಣ ಅಂಗಡಿಗಳಿವೆ, ನಿಂತುಕೊಂಡು ತಿಂದರೆ ಅಗ್ಗ, ಕೂತರೆ ಜಾಸ್ತಿ. ಸಸ್ಯಾಹಾರಿಗಳು 'ಮಾಂಸ ಬೇಡ' ಅಂದರೆ ಸಾಲದು, ಮೀನೂ ಬೇಡ ಅಂತ ಬೇರೆಯಾಗಿ ಹೇಳಬೇಕು. ಇಲ್ಲದಿದ್ದರೆ ತಟ್ಟೆಗೆ ಆಂಚೊವಿ ಬರುವುದು ಗ್ಯಾರಂಟಿ. ಹುರುಳಿಕಾಯಿ ಬೀಜದ ಪಾಸ್ತಾ ಸೂಪು, ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ, ಚಳಿಗಾಲದಲ್ಲಷ್ಟೇ ಚೆನ್ನಾಗಿರುವ ತ್ರೆವೀಸೊದ ಕೆಂಪು ರದೀಕಿಯೊ ಸೊಪ್ಪು ಹೊಟ್ಟೆ ತುಂಬಿಸುತ್ತವೆ. ಸೂಪಿಗೂ ಹಂದಿ ಮಾಂಸ ಹಾಕುವುದುಂಟು, ಕೇಳಿಕೊಳ್ಳಿ. ಜನವರಿಯಲ್ಲಿ ಕೆಲವು ಹೋಟೆಲಿನವರು ರಜೆ ಹಾಕಿ ಬಾಗಿಲು ಮುಚ್ಚುತ್ತಾರೆ, ಹಾಗಾಗಿ ಇಂಥದ್ದೇ ಜಾಗ ಅಂತ ಹಟ ಇದ್ದರೆ ಮೊದಲೇ ಫೋನ್ ಮಾಡಿ.

ಕೊನೆಗೆ ವೀಸಾ. ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗನ್ ವೀಸಾದ ಅರ್ಜಿಯನ್ನು ಹೊರಡುವ 6 ತಿಂಗಳ ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವ ಹಾಗಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೊ, ಜೊತೆಗೆ 30,000 ಯೂರೊಗೆ ಕಮ್ಮಿಯಿಲ್ಲದ ವೈದ್ಯಕೀಯ ವಿಮೆ ಬೇಕು. ರೂಮ್ ಬುಕಿಂಗ್ ಕಾಗದವನ್ನೂ ಕೇಳುತ್ತಾರೆ, ದುಡ್ಡು ವಾಪಸ್ ಬರುವಂಥ ರೂಮನ್ನೇ ಹಿಡಿಯಿರಿ. ಜನವರಿಗೆ ಹೊರಡುವವರು ಅಕ್ಟೋಬರ್ ಹೊತ್ತಿಗೆ ಕಾಗದಪತ್ರ ಕೊಟ್ಟುಬಿಟ್ಟರೆ ನೆಮ್ಮದಿ.

ಇಂತಿ,
ನಿಮ್ಮ ಓದುಗ
ಪಡುವಾ, ಇಟಲಿ