ಉಳಿದ ಸೂಪಿಗೆ ಮಳೆಗಾಲದ ಚಳಿ ಸಾಲದು

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿದುಕೊಂಡ ಮೇಲೆ ಕೊಡಗಿನ ಮನೆಗಳಲ್ಲಿ ಮಟನ್ ಕಾಲು ಸೂಪ್, ಗದ್ದೆ ಏಡಿಯ ಸೂಪ್, ನಾಟಿ ಕೋಳಿ ಸಾರು ಮೇಲಿಂದ ಮೇಲೆ ಕುದಿಯುತ್ತವೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಕಕ್ಕಡ ತಿಂಗಳು ಬಂತೆಂದರೆ ಪತ್ರಿಕೆಗಳೂ ಇವುಗಳ ಪಾಕವಿಧಾನವನ್ನು ಪ್ರಕಟಿಸುತ್ತವೆ. ಆದರೆ ಆ ಬರಹಗಳು ‘ಬಿಸಿಬಿಸಿಯಾಗಿ ಬಡಿಸಿ’ ಎಂಬಲ್ಲಿಗೆ ನಿಂತುಬಿಡುತ್ತವೆ. ಬಡಿಸಿ ಉಳಿದ ಅರ್ಧ ಪಾತ್ರೆಯನ್ನು ರಾತ್ರಿ ಏನು ಮಾಡಬೇಕೆಂದು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ನೆನೆದು, ಆ ವಿಷಯವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ಗದ್ದೆ ನಾಟಿಯ ದಿನ ಕೆಲಸದವರಿಗೂ ಸೇರಿಸಿ ದೊಡ್ಡ ಪಾತ್ರೆಯಲ್ಲಿ ಕಾಲು ಸೂಪ್ ಮಾಡಿದ್ದೆವು. ಉಳಿದದ್ದನ್ನು ಮುಚ್ಚಳ ಹಾಕಿ, ಕೆಂಡವಿದ್ದ ಸೌದೆ ಒಲೆಯ ಮೇಲೆಯೇ ಬಿಟ್ಟು ಮಲಗಿದೆವು. ಹೊರಗೆ ಅಷ್ಟು ಚಳಿಯಿರುವಾಗ ಕೆಡುವುದೆಲ್ಲಿಂದ ಎಂಬ ಧೈರ್ಯ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಕೊಬ್ಬಿನ ತೆಳು ಕೆನೆ ಕಟ್ಟಿತ್ತು, ಪಾತ್ರೆ ಮುಟ್ಟಿದರೆ ಇನ್ನೂ ಉಗುರುಬೆಚ್ಚಗಿತ್ತು, ಕರಿಮೆಣಸಿನ ಘಮವೂ ಹಾಗೆಯೇ ಇತ್ತು. ಹಬೆಯಾಡುವಷ್ಟು ಬಿಸಿ ಮಾಡಿ ಎಲ್ಲರೂ ಕುಡಿದೆವು. ಸಂಜೆಯ ಹೊತ್ತಿಗೆ ನಾಲ್ವರಿಗೆ ಹೊಟ್ಟೆ ನುಲಿತ, ಭೇದಿ. ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ನಿತ್ರಾಣರಾಗಿ, ಎರಡು ದಿನ ಡ್ರಿಪ್ ಹಾಕಿಸಿಕೊಳ್ಳಬೇಕಾಯಿತು. ಸೂಪ್ ಕುಡಿದ ಸಂಗತಿ ಕೇಳಿದೊಡನೆ ವೈದ್ಯರು, ‘ರಾತ್ರಿ ಅದನ್ನು ಎಲ್ಲಿಟ್ಟಿದ್ದಿರಿ?’ ಎಂದರು.

ಆ ಪ್ರಶ್ನೆಯ ಅರ್ಥ ನನಗೆ ಆಮೇಲೆ ಓದಿದಾಗ ತಿಳಿಯಿತು. ಆಹಾರವನ್ನು ಕೆಡಿಸುವ, ಕಾಯಿಲೆ ತರುವ ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೇಗ ಬೆಳೆಯುತ್ತವೆ. ಜುಲೈನಲ್ಲಿ ನಮಗೆ ನಡುಕ ಹುಟ್ಟಿಸುವ ಮಡಿಕೇರಿಯ ಗಾಳಿ ಕೂಡ ಸುಮಾರು 20 ಡಿಗ್ರಿಯದು, ಅಂದರೆ ಅವುಗಳಿಗೆ ಅನುಕೂಲವಾದ ಹವೆಯೇ. ಮಾಂಸದ ಸಾರಿನಲ್ಲಿ ಹೆಚ್ಚಾಗಿ ಕಾಣಸಿಗುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ದೆಯಲ್ಲಿರುವ ಅದರ ರೂಪ, ಕುದಿಯುವ ನೀರಿನಲ್ಲೂ ಸುಲಭವಾಗಿ ಸಾಯುವುದಿಲ್ಲ. ಸಾರು ಆರುತ್ತ ಬಂದಂತೆ ಅವು ಮೊಳೆತು, 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತೇ ನಿಮಿಷಕ್ಕೆ ಇಮ್ಮಡಿಯಾಗಬಲ್ಲವು. ಕೆಂಡದ ಮೇಲೆ ಉಗುರುಬೆಚ್ಚಗೆ ಉಳಿದ ಪಾತ್ರೆ ಅವುಗಳಿಗೆ ಮಾಡಿಕೊಟ್ಟ ಹಾಸಿಗೆಯಂತೆ. ಕೊಬ್ಬಿನ ಕೆನೆ ಸಾರನ್ನು ಕಾಯುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ, ನಾನೂ ನಂಬಿದ್ದೆ. ವಾಸ್ತವದಲ್ಲಿ ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಗಾಳಿಯಿಲ್ಲದ ಕಡೆ ಬೆಳೆಯುವ ಈ ಜೀವಿಗೆ ಅದರಿಂದ ತೊಂದರೆಯೇನೂ ಇಲ್ಲ. ವಾಸನೆ, ರುಚಿಯಿಂದ ಇದು ಗೊತ್ತಾಗುವುದೂ ಇಲ್ಲ. ಮತ್ತೆ ಕುದಿಸಿದರಾಯಿತು ಎನ್ನುವಂತೆಯೂ ಇಲ್ಲ, ಏಕೆಂದರೆ ಬೇರೆ ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟುಹೋದ ವಿಷ ಕುದಿಸಿದರೂ ನಾಶವಾಗದು.

ಹಾಗಾಗಿ ಸಾರನ್ನು ಬೇಗ ತಣಿಸಬೇಕು. ಅದಕ್ಕೆ ನಮ್ಮ ಚಳಿಯೇ ನೆರವಾಗುತ್ತದೆ, ಗಾಳಿಯ ಮೂಲಕ ಅಲ್ಲ, ನೀರಿನ ಮೂಲಕ. ಮಳೆಗಾಲದಲ್ಲಿ ನಮ್ಮ ಬಾವಿಯ ನೀರು ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಊಟ ಮುಗಿದ ಕೂಡಲೇ ಸೂಪನ್ನು ಒಲೆಯಿಂದ ಇಳಿಸಿ, ಮೂಳೆ ಮತ್ತು ದೊಡ್ಡ ತುಂಡುಗಳನ್ನು ಬೇರೆ ತೆಗೆದು, ಅಗಲ ಬಾಯಿಯ ಸ್ಟೀಲ್ ಪಾತ್ರೆಗಳಿಗೆ ಎರಡು ಅಂಗುಲಕ್ಕಿಂತ ಮೇಲೇರದಂತೆ ಸುರಿದುಕೊಂಡು, ಆ ಪಾತ್ರೆಗಳನ್ನು ತಣ್ಣೀರು ತುಂಬಿದ ಟಬ್ಬಿನಲ್ಲಿ ಕೂರಿಸಬೇಕು. ಹೊರಗಿನ ನೀರು ಒಳಗಿನ ಸೂಪಿನ ಮಟ್ಟಕ್ಕೆ ಬರಬೇಕು, ಆದರೆ ಒಳಗೆ ಚಿಮ್ಮಬಾರದು. ಆಗಾಗ ಶುಚಿಯಾದ ಸೌಟಿನಿಂದ ತಿರುವುತ್ತ, ನೀರು ಬೆಚ್ಚಗಾದಂತೆ ಬದಲಿಸುತ್ತ ಹೋದರೆ ಬಿಸಿ ಬೇಗನೆ ಇಳಿಯುತ್ತದೆ. ಮುಚ್ಚಳವನ್ನು ಓರೆಯಾಗಿಟ್ಟು ಹಬೆ ಹೋಗಲು ದಾರಿ ಬಿಡಬೇಕು. ಬೇಳೆ ಅಥವಾ ತರಕಾರಿ ಅರೆದು ಹಾಕಿದ ಗಟ್ಟಿ ಸೂಪ್ ತೆಳು ಸಾರಿಗಿಂತ ನಿಧಾನವಾಗಿ ಆರುತ್ತದೆ, ಅದಕ್ಕೆ ಪಾತ್ರೆ ಇನ್ನೂ ಆಳ ಕಡಿಮೆಯದಿದ್ದರೆ ಒಳ್ಳೆಯದು.

ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಅದು ಫ್ರಿಜ್ ಸೇರಬೇಕು. ಪೂರ್ತಿ ತಣ್ಣಗಾಗದೆ ಫ್ರಿಜ್‌ನಲ್ಲಿ ಇಡಲೇಬಾರದೆಂದು ನಮ್ಮ ಹಿರಿಯರು ಪಟ್ಟು ಹಿಡಿಯುತ್ತಾರೆ. ದೊಡ್ಡ ಪಾತ್ರೆಯ ಕುದಿ ಸಾರನ್ನು ಇಡಬಾರದು, ನಿಜ, ಅದು ಪಕ್ಕದ ಹಾಲು ಮೊಸರನ್ನೂ ಬಿಸಿ ಮಾಡುತ್ತದೆ. ಆದರೆ ಆಳವಿಲ್ಲದ ಚಿಕ್ಕ ಡಬ್ಬಿಯಲ್ಲಿ ಸ್ವಲ್ಪ ಬೆಚ್ಚಗಿರುವುದನ್ನು ಒಂದರ ಮೇಲೊಂದು ಪೇರಿಸದೆ ಇಟ್ಟರೆ ತೊಂದರೆಯಿಲ್ಲ. ಫ್ರಿಜ್‌ನ ಒಳಗೆ 4 ಡಿಗ್ರಿ ಇದ್ದರೆ ಸೂಪ್ ಮೂರರಿಂದ ನಾಲ್ಕು ದಿನ ಇರುತ್ತದೆ. ಫ್ರೀಜರಿಗಾದರೆ ಡಬ್ಬಿಯ ಮೇಲೆ ಒಂದು ಅಂಗುಲ ಜಾಗ ಬಿಡಬೇಕು. ತೆಗೆಯುವಾಗ ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು, ಕೊತಕೊತ ಕುದಿಸಿಯೇ ಬಡಿಸಬೇಕು.

ನಮ್ಮ ಜಿಲ್ಲೆಗೆ ವಿಶೇಷವಾದ ಕಷ್ಟವೆಂದರೆ ವಿದ್ಯುತ್. ಮರ ಬಿದ್ದು ತಂತಿ ಹರಿದರೆ ಒಂದೆರಡು ದಿನ ಕತ್ತಲೆ. ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ. ಕರೆಂಟು ನಂಬುವಂತಿಲ್ಲದ ವಾರದಲ್ಲಿ ಹಾಗೂ ಫ್ರಿಜ್ ಇಲ್ಲದ ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲು ಮನೆಗಳಲ್ಲಿ) ಒಂದು ಹೊತ್ತಿಗೆ ಸಾಕಾಗುವಷ್ಟೇ ಮಾಡುವುದು ಕ್ಷೇಮ. ಇಷ್ಟು ಬೆಲೆಯ ಮಟನ್ನಿನ ಸಾರನ್ನು ಚೆಲ್ಲಲು ಯಾರಿಗೂ ಮನಸ್ಸು ಬಾರದು, ನನಗೆ ಗೊತ್ತು. ಆದರೂ ರಾತ್ರಿಯಿಡೀ ಹೊರಗೆ ಉಳಿದದ್ದನ್ನು ಯಾರಿಗೂ, ಅದರಲ್ಲೂ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ದಯವಿಟ್ಟು ಕೊಡಬೇಡಿ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಈ ಮಳೆಗಾಲದಿಂದ ತಮ್ಮ ಅಡುಗೆ ಪುಟದಲ್ಲಿ ಪ್ರಕಟವಾಗುವ ಪ್ರತಿ ಸೂಪ್ ಮತ್ತು ಸಾರಿನ ಪಾಕವಿಧಾನದ ಕೆಳಗೆ, ಉಳಿದದ್ದನ್ನು ತಣಿಸಿ ಇಡುವ ಕ್ರಮವನ್ನು ಎರಡು ಸಾಲಿನಲ್ಲಿ ಮುದ್ರಿಸಬೇಕು. ಅಂಥ ಎರಡು ಸಾಲು ಕಳೆದ ಕಕ್ಕಡದಲ್ಲಿ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಇದ್ದಿದ್ದರೆ ಅತ್ತೆಯವರು ಆಸ್ಪತ್ರೆಗೆ ಹೋಗಬೇಕಾಗಿರಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಗೃಹಿಣಿ, ವಿರಾಜಪೇಟೆ ತಾಲ್ಲೂಕು