ಮಣ್ಣು ತೆಗೆದರೆ ಸಾಲದು, ನೀರಿಗೆ ದಾರಿ ಮಾಡಿ

ಮಾನ್ಯ ಸಂಪಾದಕರೇ,

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಕಲೇಶಪುರ ದಾಟಿದ ಮೇಲೆ ಸಿಗುವ ದೋಣಿಗಲ್ ಮತ್ತು ದೊಡ್ಡತಪ್ಪಲೆ ಮಳೆಗಾಲ ಬಂತೆಂದರೆ ಸುದ್ದಿಯಾಗುತ್ತವೆ. 2018ರ ಆಗಸ್ಟ್‌ನಲ್ಲಿ ಇದೇ ಹೆದ್ದಾರಿಯ ಶಿರಾಡಿ ಘಾಟಿಯ ಹಲವೆಡೆ ಗುಡ್ಡ ಕುಸಿದು, ಭಾರಿ ವಾಹನಗಳ ಸಂಚಾರ ತಿಂಗಳುಗಟ್ಟಲೆ ಬಂದ್ ಆಗಿತ್ತು. 2021 ಮತ್ತು 2022ರ ಜುಲೈನಲ್ಲಿ ದೋಣಿಗಲ್ ಬಳಿ ರಸ್ತೆಯ ಅಂಚೇ ಕುಸಿಯಿತು. 2024ರ ಜುಲೈನಲ್ಲಂತೂ ದೊಡ್ಡತಪ್ಪಲೆಯಲ್ಲಿ ಮಣ್ಣು ತೆಗೆದಂತೆಲ್ಲ ಮೇಲಿನಿಂದ ಮತ್ತೆ ಜಾರಿ ಬಂದು ರಸ್ತೆ ಮುಚ್ಚಿತು. ಅದೇ ತಿಂಗಳು ಎಡಕುಮರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿದದ್ದರಿಂದ ಕರಾವಳಿಗೆ ಹೋಗುವವರಿಗೆ ರೈಲೂ ಇಲ್ಲದಂತಾಯಿತು.

ಇದಕ್ಕೆಲ್ಲ ಮಳೆಯನ್ನು ದೂರಿ ಪ್ರಯೋಜನವಿಲ್ಲ, ಮಲೆನಾಡಿಗೆ ಮಳೆ ಹೊಸದೇನಲ್ಲ. ಚತುಷ್ಪಥಕ್ಕಾಗಿ ಗುಡ್ಡವನ್ನು 90 ಡಿಗ್ರಿ ಕೋನದಲ್ಲಿ ಗೋಡೆಯಂತೆ ಕಡಿದಿರುವುದನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೂ 2024ರಲ್ಲಿ ಸ್ಥಳಕ್ಕೆ ಬಂದಾಗ ಆಕ್ಷೇಪಿಸಿದ್ದರು. ಇಳಿಜಾರಾಗಿ ಕಡಿಯಲು ಹೆಚ್ಚು ಜಾಗ ಬೇಕು, ಅದಕ್ಕೆ ಭೂಸ್ವಾಧೀನವಾಗಬೇಕು, ಅರಣ್ಯ ಇಲಾಖೆ ಒಪ್ಪಬೇಕು ಎಂಬುದೆಲ್ಲ ನಿಜವೇ. ಆದರೆ ಅಂದು ಉಳಿಸಿದ ಜಾಗಕ್ಕೆ ಇಂದು ಲಾರಿ ಚಾಲಕರೂ ಹಾಸನದ ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ರೋಗಿಗಳೂ ದಂಡ ತೆರುತ್ತಿದ್ದಾರೆ.

ಚರ್ಚೆಗೆ ಬಾರದೆ ಉಳಿದಿರುವುದು ನೀರಿನ ವಿಷಯ. ಧರೆಯ, ಅಂದರೆ ಗೋಡೆಯಂತೆ ಕಡಿದ ಗುಡ್ಡದ ಬದಿಯ ಹತ್ತಿರ ನಿಂತು ನೋಡಿದರೆ, ಮಳೆ ಬಿಟ್ಟ ಮೇಲೂ ಮಣ್ಣಿನ ನಡುವಿನಿಂದ ಕೆಂಪು ನೀರು ಒಸರುತ್ತಲೇ ಇರುತ್ತದೆ. ಮೇಲಿನಿಂದ ಇಂಗಿದ ನೀರು ಬಂಡೆಗಲ್ಲಿನವರೆಗೆ ಇಳಿದು, ಅದರ ಮೇಲಿನ ಮಣ್ಣನ್ನು ಸಡಿಲಗೊಳಿಸುತ್ತದೆ. ಹೀಗಿರುವಾಗ ಬುಡದಲ್ಲಿ ಮರಳು ಮೂಟೆ ಒಟ್ಟುವುದು, ಹಿಟಾಚಿ ತಂದು ಕುಸಿದ ಮಣ್ಣನ್ನಷ್ಟೇ ಬಾಚುವುದು ದುರಸ್ತಿ ಎನಿಸದು. ಬುಡ ಬಾಚಿದಷ್ಟೂ ಮೇಲಿನ ಭಾಗಕ್ಕೆ ಆಸರೆ ತಪ್ಪುತ್ತದೆ.

ಶಿರಾಡಿ ಮುಚ್ಚಿದಾಗ ತೋರಿಸುವ ಚಾರ್ಮಾಡಿ, ಬಿಸಿಲೆ ಘಾಟಿಗಳ ಕಿರಿದಾದ ತಿರುವುಗಳು ಅನಿಲ ಸಾಗಿಸುವ ಉದ್ದನೆಯ ಬುಲೆಟ್ ಟ್ಯಾಂಕರುಗಳಿಗೆ ತಕ್ಕವಲ್ಲ. ಮಡಿಕೇರಿ ಕಡೆಯ ಸಂಪಾಜೆ ಮಾರ್ಗವೂ 2018ರಲ್ಲಿ ಕುಸಿದದ್ದೇ. ಸುರಂಗ ಮಾರ್ಗದ ಮಾತು ವರ್ಷಗಳಿಂದ ಕೇಳಿಬರುತ್ತಿದೆ, ಅದು ಆದಾಗ ಆಗಲಿ. ಸದ್ಯಕ್ಕೆ ಕುಸಿಯುವ ಜಾಗಗಳಲ್ಲಿ ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನೆತ್ತಿಯಲ್ಲಿ ಕಾಲುವೆ ತೆಗೆದು, ಒಳಗಿನ ನೀರು ಹೊರಬರಲು ಕೊಳವೆ ಹಾಕುವ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಭೂವಿಜ್ಞಾನಿಗಳ ಪರಿಶೀಲನಾ ವರದಿ ಸಾರ್ವಜನಿಕರಿಗೂ ಸಿಗುವಂತಾಗಬೇಕು. ಹಾಗೆಯೇ, ಯಾವ ವಾಹನ ಯಾವಾಗ ಬಿಡುತ್ತಾರೆ ಎಂಬ ಆದೇಶವನ್ನು ಹಾಸನ ಮತ್ತು ದಕ್ಷಿಣ ಕನ್ನಡ ಜಿಲ್ಲಾಡಳಿತಗಳು ಒಟ್ಟಾಗಿ ಹೊರಡಿಸಿದರೆ, ಘಾಟಿಯ ಬುಡದಲ್ಲಿರುವ ಗುಂಡ್ಯದವರೆಗೆ ಬಂದು ವಾಪಸ್ ಹೋಗುವ ಪಾಡು ಲಾರಿಯವರಿಗೆ ತಪ್ಪುತ್ತದೆ.

– ಓದುಗ, ಸಕಲೇಶಪುರ